ಹಾಡಿನ ಹೆಸರಿನಲ್ಲಿ ಲಾಟರಿ

ಮಾನ್ಯ ಸಂಪಾದಕರೇ,

ಕೆ-ಪಾಪ್ (ದಕ್ಷಿಣ ಕೊರಿಯಾದ ಪಾಪ್ ಸಂಗೀತ) ಆಲ್ಬಂಗಳಿಗೆ ನಮ್ಮ ಮಕ್ಕಳು ಮುಗಿಬೀಳುತ್ತಿರುವ ಕುರಿತ ನಿಮ್ಮ ಭಾನುವಾರದ ವರದಿ ಅಭಿಮಾನಿಗಳ ಸಂಭ್ರಮವನ್ನಷ್ಟೇ ಹೇಳಿದೆ. ಆ ಅಭಿಮಾನದಿಂದ ದುಡ್ಡು ಹಿಂಡುವ ಲೆಕ್ಕಾಚಾರದ ಬಗ್ಗೆ ಒಂದು ಮಾತೂ ಇಲ್ಲ. ಮಗಳ ಪಾರ್ಸೆಲನ್ನು ನಿನ್ನೆ ತಾನೇ ಬಿಡಿಸಿಕೊಂಡು ಬಂದ ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಬಂದದ್ದು ಒಂದೇ ಆಲ್ಬಂನ ಮೂರು ಪ್ರತಿ. ಹೊದಿಕೆ ಬೇರೆ ಬೇರೆ, ಹಾಡುಗಳು ಅವೇ. ಎಂಟು ಜನರ ತಂಡದಲ್ಲಿ ಯಾರ ಫೋಟೊಕಾರ್ಡ್ (ಗಾಯಕರ ಚಿತ್ರವಿರುವ ಪುಟ್ಟ ಕಾರ್ಡ್) ಒಳಗಿದೆ ಎಂಬುದು ಮೇಲಿನ ಪ್ಲಾಸ್ಟಿಕ್ ಹರಿದ ಮೇಲೆಯೇ ತಿಳಿಯುವುದು. ಮಗಳು ಆಸೆಪಟ್ಟ ಗಾಯಕ ಮೂರರಲ್ಲೂ ಇರಲಿಲ್ಲ. ಎರಡರಲ್ಲಿ ಒಬ್ಬನದೇ ಮುಖ. ಸಿ.ಡಿ. ಹಾಕಲು ನಮ್ಮ ಮನೆಯಲ್ಲಿ ಪ್ಲೇಯರೇ ಇಲ್ಲ, ಅವಳು ಹಾಡು ಕೇಳುವುದು ಮೊಬೈಲಿನಲ್ಲಿ. ಆಲ್ಬಂಗಳ ಬೆಲೆಯ ಮೇಲೆ ಸಾಗಣೆ ವೆಚ್ಚ, ಎಲ್ಲರದನ್ನೂ ಸೇರಿಸಿ ಆರ್ಡರ್ ಹಾಕಿದವರ ಶುಲ್ಕ, ಸುಂಕ, ಅರ್ಧ ದಿನದ ರಜೆ ಎಲ್ಲವೂ ದಂಡ.

ಕೊರಿಯಾದ ರಾಜಧಾನಿ ಸೋಲ್‌ನ ದೊಡ್ಡ ಸಂಗೀತ ಕಂಪನಿಗಳು ಇದನ್ನು ತಿಳಿದೇ ಮಾಡುತ್ತಿವೆ. ಗಾಯಕರ ಹಸ್ತಾಕ್ಷರ ಪಡೆಯುವ ಭೇಟಿಗೂ ಅಲ್ಲಿ ಲಾಟರಿಯೇ. ಹೆಚ್ಚು ಆಲ್ಬಂ ಕೊಂಡವರಿಗೆ ಹೆಚ್ಚು ಅವಕಾಶ. ಮೊದಲ ವಾರದ ಮಾರಾಟವೇ ತಂಡದ ಮರ್ಯಾದೆ ಎಂದು ಮಕ್ಕಳನ್ನು ನಂಬಿಸಿರುವುದರಿಂದಲೇ, 2023ರ ಜೂನ್‌ನಲ್ಲಿ ಸ್ಟ್ರೇ ಕಿಡ್ಸ್ ತಂಡದ ಆಲ್ಬಂ ಒಂದು ವಾರದೊಳಗೆ 46 ಲಕ್ಷ ಪ್ರತಿ ದಾಟಿತು. ಅದೇ ವರ್ಷ ಕೊರಿಯಾದ ಗ್ರಾಹಕ ಸಂಸ್ಥೆಯ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಭಿಮಾನಿಗಳು ಆಲ್ಬಂ ಕೊಳ್ಳುವುದು ಕಾರ್ಡಿನಂತಹ ವಸ್ತುಗಳ ಸಂಗ್ರಹಕ್ಕೆ ಎಂದಿದ್ದರು. ಕಾರ್ಡ್ ತೆಗೆದುಕೊಂಡ ಮೇಲೆ ಉಳಿದದ್ದು ಕಸ: 2024ರಲ್ಲಿ ಟೋಕಿಯೊದ ಶಿಬುಯಾದಲ್ಲಿ ಸೆವೆಂಟೀನ್ ತಂಡದ ಹೊಸ ಆಲ್ಬಂಗಳು ಬೀದಿಯಲ್ಲಿ ರಾಶಿ ಬಿದ್ದಿದ್ದವು. ಕೊರಿಯಾದಲ್ಲಿ ಆಲ್ಬಂಗಳಿಗೆ ಬಳಸುವ ಪ್ಲಾಸ್ಟಿಕ್ 2017ರಲ್ಲಿ ಸುಮಾರು 56 ಟನ್ ಇದ್ದದ್ದು 2022ರ ಹೊತ್ತಿಗೆ 800 ಟನ್ ಮೀರಿತ್ತು.

ಇನ್ನು ನಮ್ಮ ಅಧಿಕಾರಿಗಳು. ಕರ್ನಾಟಕ 2007ರಲ್ಲೇ ಲಾಟರಿಯನ್ನು ನಿಷೇಧಿಸಿದೆ. ಲಾಟರಿಯ ಗುಣವೇ ಇರುವ ಈ ಸರಕನ್ನು ಮಾತ್ರ ಸುಂಕ ಕಟ್ಟಿಸಿಕೊಂಡು ಒಳಗೆ ಬಿಡುತ್ತಾರೆ. ಸುಂಕ ಇಷ್ಟೇಕೆ ಎಂದು ಕೇಳಿದರೆ ಕಿಟಕಿಯಲ್ಲಿದ್ದವರು ಇನ್ನೊಂದು ಕಿಟಕಿ ತೋರಿಸುತ್ತಾರೆ. ಹಿಂದೆ ನಮ್ಮ ತಾಯಿಯ ಶ್ರವಣ ಸಾಧನ ಬಂದಾಗಲೂ ಇದೇ ಅಲೆದಾಟ, ಇದೇ ಉಡಾಫೆ.

ಕಾರ್ಡ್ ಮಾರುವುದಾದರೆ ಯಾರದೆಂದು ಹೇಳಿ ಬೇರೆಯಾಗಿಯೇ ಮಾರಲಿ. ಸರ್ಕಾರವೂ ಇಂತಹ ಮಾರಾಟದ ಮೇಲೆ ಕಣ್ಣಿಡಲಿ, ಸುಂಕದವರು ಕನಿಷ್ಠ ಲೆಕ್ಕವನ್ನಾದರೂ ಬರೆದುಕೊಡಲಿ. ಶಾಲೆಗೆ ಹೋಗುವ ಮಕ್ಕಳ ಕೈಖರ್ಚಿನ ಕಾಸಿಗೆ ಬಲೆ ಬೀಸಿ ಕೂತವರಿಗೆ ನಾಚಿಕೆಯಾಗಬೇಕು. ಅದನ್ನು ನೋಡಿಯೂ ಸುಮ್ಮನಿರುವವರಿಗೆ ಇನ್ನೂ ಹೆಚ್ಚು ನಾಚಿಕೆಯಾಗಬೇಕು.

– ಒಬ್ಬ ತಾಯಿ, ಜಯನಗರ, ಬೆಂಗಳೂರು