ಪ್ರೆಸ್ ಅಂದಿರಿ, ಬರ್ನ್ ಮಾಡಿ ಕಳಿಸಿದಿರಿ

ಇವರಿಗೆ,
ವ್ಯವಸ್ಥಾಪಕರು,
ಸಿಡಿ ತಯಾರಿಕಾ ವಿಭಾಗ

ವಿಷಯ: 300 ಸಂಗೀತ ಸಿಡಿಗಳ ಆರ್ಡರಿನಲ್ಲಿ ಆಗಿರುವ ಮೋಸ ಮತ್ತು ಮಾಡದ ಕೆಲಸಕ್ಕೆ ಪಡೆದ ಹಣದ ಬಗ್ಗೆ

ಮಾನ್ಯರೇ,

ನಮ್ಮ ತಂಡದ ಆಲ್ಬಮ್ಮಿನ ಸಿಡಿಗಳು ನಿಮ್ಮಿಂದ ಬಂದು ಹನ್ನೆರಡು ದಿನವಾಯಿತು. ಇದುವರೆಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ನಾಲ್ಕು ಸಲವೂ ಬೇರೆಬೇರೆಯವರು ಎತ್ತಿದರು, ನಾಲ್ಕು ಸಲವೂ ನಾನು ಮೊದಲಿನಿಂದ ಕತೆ ಹೇಳಿದೆ, ಎಲ್ಲವೂ "ಚೆಕ್ ಮಾಡಿ ಹೇಳ್ತೀವಿ ಸರ್" ಅನ್ನುವಲ್ಲಿಗೆ ಬಂದು ನಿಂತಿತು. ಅದಕ್ಕೇ ಈ ಪತ್ರ. ಉದ್ದವಾಯಿತು ಅನ್ನಿಸಬಹುದು. ಆದರೆ ಐದನೇ ಸಲ ಮೊದಲಿನಿಂದ ಹೇಳುವ ತಾಳ್ಮೆ ನನಗಿಲ್ಲ.

ದೂರು ಇಷ್ಟು: ನಾವು ದುಡ್ಡು ಕೊಟ್ಟದ್ದು ಪ್ರೆಸ್ ಮಾಡಿದ, ಅಂದರೆ ಅಚ್ಚು ಹಾಕಿ ತೆಗೆದ ಡಿಸ್ಕಿಗೆ. ನೀವು ಕಳಿಸಿದ್ದು ಸಿಡಿ-ಆರ್ ಎಂಬ, ಕಂಪ್ಯೂಟರಿನಲ್ಲಿ ಬರೆಯಬಹುದಾದ ಖಾಲಿ ಡಿಸ್ಕ್ ತಂದು ಬರ್ನ್ ಮಾಡಿದ್ದು. ಆ ಬರ್ನ್ ಕೂಡ ನೆಟ್ಟಗಾಗಿಲ್ಲ.

ನಿಮ್ಮನ್ನೇ ಯಾಕೆ ಆರಿಸಿಕೊಂಡೆವು ಎಂಬುದನ್ನು ಮೊದಲು ಹೇಳಬೇಕು. ಗೊಂದಲ ಹುಟ್ಟಿದ್ದೇ ಅಲ್ಲಿ. ನಾವು ಮೂರು ಕಡೆ ವಿಚಾರಿಸಿದ್ದೆವು. ಒಬ್ಬರು ನೇರವಾಗಿ, "500ಕ್ಕಿಂತ ಕಡಿಮೆ ಇದ್ದರೆ ನಾವು ಪ್ರೆಸ್ ಮಾಡೋದಿಲ್ಲ, ಬರ್ನ್ ಮಾಡಿಸಿಕೊಳ್ಳಿ, ಅದಕ್ಕೆ ಬೇರೆ ಕಡೆ ಹೋಗಿ" ಎಂದರು. ಆಗ ಅವರ ಮಾತು ಒರಟು ಅನ್ನಿಸಿತ್ತು. ಎರಡನೆಯವರು ಮೂರು ತಿಂಗಳು ಕೇಳಿದರು, ನಮ್ಮ ಬಿಡುಗಡೆ ಅದಕ್ಕೆ ಮುಂಚೆಯೇ ಇತ್ತು. ಮೂರನೆಯವರು ನೀವು. 300 ಆದರೂ ಮಾಡುತ್ತೇವೆ, ಮೂರು ವಾರದಲ್ಲಿ ಕೊಡುತ್ತೇವೆ ಎಂದಿರಿ. ಸ್ಯಾಂಪಲ್ ಅಂತ ಬೇರೆ ಯಾರದೋ ಆಲ್ಬಮ್ಮಿನ ಡಿಸ್ಕ್ ಕಳಿಸಿದಿರಿ. ಅದರ ಕೆಳಮೈ ಕನ್ನಡಿಯ ಹಾಗೆ ಅಪ್ಪಟ ಬೆಳ್ಳಿ. ನೋಡಿ ನಾವು ಮಾರುಹೋದೆವು.

ನಿಮ್ಮ ಕೊಟೇಶನ್ನಿನಲ್ಲಿ ಬರೆದದ್ದು "ಪ್ರೆಸ್ ಕ್ವಾಲಿಟಿ ಸಿಡಿ" ಎಂದು. ಆ "ಕ್ವಾಲಿಟಿ" ಅನ್ನುವ ಒಂದು ಪದ ಎಷ್ಟು ಕೆಲಸ ಮಾಡುತ್ತಿತ್ತು ಎಂದು ನನಗೆ ತಿಳಿದದ್ದು ಡಬ್ಬಿ ಒಡೆದ ಮೇಲೆ. ರೇಷ್ಮೆ ಬೇರೆ, ರೇಷ್ಮೆಯಂಥದ್ದು ಬೇರೆ. ಆದರೂ ಪ್ರೆಸ್ಸಿಗೆ ಬೇಕಾದ ಮೂಲ ಅಚ್ಚಿನ ಬಗ್ಗೆ ಫೋನಿನಲ್ಲಿ ನಾನು ಬಿಡಿಸಿ ಕೇಳಿದ್ದೆ: "ಗ್ಲಾಸ್ ಮಾಸ್ಟರ್ ಮಾಡ್ತೀರಲ್ಲ?" ನಿಮ್ಮವರು, "ಎಲ್ಲಾ ಸೇರಿದೆ ಸರ್, ಬಿಲ್ಲಲ್ಲೇ ಬರುತ್ತೆ" ಎಂದರು. ಬಿಲ್ಲಿನಲ್ಲಿ ಬಂತು ನಿಜ. "ಗ್ಲಾಸ್ ಮಾಸ್ಟರ್ ಮತ್ತು ಸ್ಟ್ಯಾಂಪರ್ ಶುಲ್ಕ" ಅಂತ ಪ್ರತ್ಯೇಕ ಸಾಲೇ ಇದೆ. ಸಾಲು ಬಂತು, ಗ್ಲಾಸ್ ಮಾಸ್ಟರ್ ಮಾತ್ರ ಎಲ್ಲೂ ಹುಟ್ಟಲಿಲ್ಲ.

ಇದನ್ನು ಓದುವವರಿಗೆ ವ್ಯತ್ಯಾಸ ಗೊತ್ತೇ ಇರುತ್ತದೆ. ಆದರೆ ಫೋನ್ ಎತ್ತಿಕೊಳ್ಳುವ ನಿಮ್ಮ ಹುಡುಗರಿಗೆ ಗೊತ್ತಿದ್ದಂತೆ ಕಾಣಲಿಲ್ಲ, ಅವರಿಗಾಗಿ ಬರೆಯುತ್ತೇನೆ. ಪ್ರೆಸ್ ಮಾಡುವುದೆಂದರೆ ಅಚ್ಚು ಹಾಕುವುದು. ಗಾಜಿನ ತಟ್ಟೆಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು ಲೇಸರ್‌ನಿಂದ ಬರೆಯುತ್ತಾರೆ. ಇದೇ ಗ್ಲಾಸ್ ಮಾಸ್ಟರ್. ಅದರ ಮೇಲೆ ನಿಕ್ಕಲ್ ಕೂರಿಸಿ ಎಬ್ಬಿಸಿದರೆ ಅದರಿಂದ ಸ್ಟ್ಯಾಂಪರ್ ಎಂಬ ಅಚ್ಚು ಸಿದ್ಧವಾಗುತ್ತದೆ. ಕರಗಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆ ಅಚ್ಚಿಗೆ ನುಗ್ಗಿ 1.2 ಮಿಲಿಮೀಟರ್ ದಪ್ಪದ ಬಿಲ್ಲೆಯಾಗಿ ಹೊರಬರುವಾಗ ಸಂಗೀತ ಅದರ ಮೈಮೇಲೆ ಗುಳಿಗಳಾಗಿ ಆಗಲೇ ಮೂಡಿರುತ್ತದೆ. ಆಮೇಲೆ ಅಲ್ಯೂಮಿನಿಯಂ ಪದರ, ಅದರ ಮೇಲೆ ಲ್ಯಾಕರ್ ಎಂಬ ರಕ್ಷಣೆಯ ಲೇಪ, ಕೊನೆಗೆ ಮುದ್ರಣ. ಒಂದು ಬಿಲ್ಲೆಗೆ ಹಿಡಿಯುವುದು ಕೆಲವೇ ಸೆಕೆಂಡು. ಖರ್ಚೆಲ್ಲ ಅಚ್ಚು ಮಾಡುವುದರಲ್ಲಿದೆ. 300 ತೆಗೆದರೂ ಅದೇ ಅಚ್ಚು, 5000 ತೆಗೆದರೂ ಅದೇ ಅಚ್ಚು. ಸಣ್ಣ ಸಂಖ್ಯೆಗೆ ಪ್ರೆಸ್ ದುಬಾರಿಯಾಗುವುದು ಇದರಿಂದಲೇ, ಅದು ತಿಳಿದೇ ನಾವು ಒಪ್ಪಿದ್ದೆವು. ಬರ್ನ್ ಮಾಡುವುದರಲ್ಲಿ ಅಚ್ಚಿನ ಮಾತೇ ಇಲ್ಲ. ಬಣ್ಣದ ಪದರವಿರುವ ಖಾಲಿ ಡಿಸ್ಕಿಗೆ ಲೇಸರ್‌ನಿಂದ ಸುಟ್ಟು ಬರೆಯುವುದು, ಒಂದೊಂದಾಗಿ, ಮನೆಯ ಕಂಪ್ಯೂಟರಿನಲ್ಲಿ ಮಾಡಿದ ಹಾಗೆಯೇ. ನಿಮ್ಮಲ್ಲಿ ಒಟ್ಟಿಗೆ ಹತ್ತಾರು ಡ್ರೈವ್ ಇರಬಹುದು, ಅಷ್ಟೇ.

ನಾನು ಬರ್ನ್ ಮಾಡಿದ ಡಿಸ್ಕನ್ನು ಕೀಳೆಂದು ಹೇಳುತ್ತಿಲ್ಲ. 50 ಪ್ರತಿ, 100 ಪ್ರತಿ ಬೇಕಿದ್ದವರಿಗೆ ಅದೇ ಸರಿಯಾದ ದಾರಿ. ಒಳ್ಳೆಯ ಖಾಲಿ ಡಿಸ್ಕ್ ತಂದು, ಹದವಾದ ವೇಗದಲ್ಲಿ ಬರೆದು, ಕೆಲವನ್ನು ಪರೀಕ್ಷಿಸಿ ಕೊಟ್ಟರೆ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯದು. "300ಕ್ಕೆ ಪ್ರೆಸ್ ನಮಗೆ ಗಿಟ್ಟುವುದಿಲ್ಲ, ಬರ್ನ್ ಮಾಡಿ ಕೊಡ್ತೀವಿ, ದರ ಇಷ್ಟು" ಎಂದು ನೀವು ಹೇಳಿದ್ದರೆ ಬಹುಶಃ ನಾವೂ 150 ಪ್ರತಿಗೆ ಇಳಿದು ಅದನ್ನೇ ಮಾಡಿಸುತ್ತಿದ್ದೆವು. ಹಾಗೆ ಯೋಚಿಸುವ ಅವಕಾಶವನ್ನೇ ನೀವು ನಮಗೆ ಕೊಡಲಿಲ್ಲ.

ಇನ್ನು, ಇದು ಬರ್ನ್ ಮಾಡಿದ್ದೇ ಎಂದು ನಾನು ಹೇಗೆ ಹೇಳುತ್ತೇನೆ? ಮೊದಲ ಅನುಮಾನ ನನ್ನದಲ್ಲ, ನಮ್ಮ ಪಿಟೀಲಿನ ಮೇಷ್ಟ್ರದ್ದು. ಮೊದಲ ಪ್ರತಿ ಅವರಿಗೇ ಕೊಟ್ಟು ಬಂದಿದ್ದೆ. ಅವರ ಹತ್ತಿರ ಇಪ್ಪತ್ತು ವರ್ಷಕ್ಕೂ ಹಳೆಯದಾದ ಪ್ಲೇಯರ್ ಇದೆ. ರಾತ್ರಿ ಫೋನ್ ಬಂತು: "ಏನಪ್ಪಾ, ಖಾಲಿ ಡಿಸ್ಕ್ ಕೊಟ್ಟು ಹೋಗಿದ್ದೀಯಲ್ಲ?" ಪ್ಲೇಯರ್ ಒಂದಿಷ್ಟು ಹೊತ್ತು ಗರಗರ ತಿರುಗಿಸಿ "ನೋ ಡಿಸ್ಕ್" ಎಂದು ತೋರಿಸಿ ಸುಮ್ಮನಾಗುತ್ತಿತ್ತಂತೆ. ನೀವು ಸ್ಯಾಂಪಲ್ ಅಂತ ಕಳಿಸಿದ್ದ ಡಿಸ್ಕನ್ನು ಮರುದಿನ ಒಯ್ದು ಅದೇ ಪ್ಲೇಯರಿಗೆ ಹಾಕಿದೆ. ತಕ್ಷಣ ಹಾಡಿತು. ಎರಡನ್ನೂ ಪಕ್ಕಪಕ್ಕ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿದೆವು. ಸ್ಯಾಂಪಲ್ಲಿನದು ಬೆಳ್ಳಿ, ನಮ್ಮದು ತಿಳಿ ಹಸಿರು ಛಾಯೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿ, "ಇದು ಅದಲ್ಲ" ಎಂದರು. ಅದಕ್ಕೆ ಮೇಲೆ ಅವರು ಏನೂ ಹೇಳಲಿಲ್ಲ, ನನಗೇ ಮುಖ ಎತ್ತಲಾಗಲಿಲ್ಲ.

ಆಮೇಲೆ ಹತ್ತು ಡಿಸ್ಕುಗಳ ಸುತ್ತುಹಾಳೆ ಬಿಚ್ಚಿ ನಡುವಿನ ತೂತಿನ ಸುತ್ತಲ ಬಳೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದೇ ಸ್ಟ್ಯಾಂಪರಿನಿಂದ ಬಂದ ಡಿಸ್ಕುಗಳಲ್ಲಿ ಅಲ್ಲಿನ ಮ್ಯಾಟ್ರಿಕ್ಸ್ ಸಂಖ್ಯೆ ಒಂದೇ ಇರುತ್ತದೆ, ಅಚ್ಚಿನಲ್ಲೇ ಇರುವುದು ತಾನೇ. ನಮ್ಮ ಹತ್ತರಲ್ಲಿ ಹತ್ತಕ್ಕೂ ಬೇರೆಬೇರೆ ಸಂಖ್ಯೆ. ನಾವು ಕೊಟ್ಟಿದ್ದ ಕ್ಯಾಟಲಾಗ್ ಸಂಖ್ಯೆ ಒಂದರಲ್ಲೂ ಇಲ್ಲ. ಕಂಪ್ಯೂಟರಿಗೆ ಹಾಕಿದರೆ ಅದು ಮುಚ್ಚುಮರೆಯಿಲ್ಲದೆ "ಸಿಡಿ-ಆರ್, 80 ನಿಮಿಷ" ಎಂದು ತೋರಿಸುತ್ತದೆ. ಖಾಲಿ ಡಿಸ್ಕಿನ ಸುರುಳಿ ಗೀರಿನಲ್ಲಿ ಮೊದಲೇ ಬರೆದಿರುವ ಮಾಹಿತಿ ಅದು, ಯಾರೂ ಅಳಿಸಲು ಬರುವುದಿಲ್ಲ.

ಎರಡನೇ ಸಂಗತಿ ನನಗೆ ಇನ್ನೂ ಹೆಚ್ಚು ನೋವು ಕೊಟ್ಟದ್ದು. ನಮ್ಮ ಆಲ್ಬಮ್ಮಿನಲ್ಲಿ ಒಂಬತ್ತು ಟ್ರ್ಯಾಕ್ ಇವೆ, ಆದರೆ ಸಂಗೀತ ಒಂದೇ. ಮೊದಲಿನಿಂದ ಕೊನೆವರೆಗೆ ಶ್ರುತಿ ಎಲ್ಲೂ ಕಡಿಯುವುದಿಲ್ಲ. ಕೇಳುವವರಿಗೆ ಬೇಕಾದಲ್ಲಿಗೆ ಹೋಗಲಿ ಎಂದು ಮಾತ್ರ ಗುರುತು ಹಾಕಿದ್ದೇವೆ. ಆ ಗುರುತುಗಳನ್ನು ಸೆಕೆಂಡಿನ 75ರಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಕೂರಿಸಲು ನಮ್ಮ ಮಾಸ್ಟರಿಂಗ್ ಮಾಡಿದವರು ಒಂದು ಇಡೀ ಮಧ್ಯಾಹ್ನ ಕೂತಿದ್ದರು. ನಿಮಗೆ ಕಳಿಸಿದ್ದು ಡಿಡಿಪಿ ಇಮೇಜ್, ಅಂದರೆ ಹಾಡು, ಗುರುತು ಎಲ್ಲ ಸೇರಿದ ಇಡೀ ಡಿಸ್ಕಿನ ಪಡಿಯಚ್ಚು. ಜೊತೆಗೆ, ಫೈಲ್ ಕೆಡದೆ ತಲುಪಿತೇ ಎಂದು ನೋಡಲು, ಎಂಡಿ5 ಚೆಕ್‌ಸಮ್ ಕೊಟ್ಟಿದ್ದೆವು. "ಫೈಲ್ ಓಕೆ ಸರ್" ಎಂಬ ನಿಮ್ಮ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ.

ನಿಮ್ಮ ಡಿಸ್ಕಿನಲ್ಲಿ ಪ್ರತಿ ಟ್ರ್ಯಾಕ್ ಮುಗಿದಾಗ ಎರಡು ಸೆಕೆಂಡು ಸದ್ದೇ ಇಲ್ಲ. ಶ್ರುತಿ ಹರಿಯುತ್ತಾ ಇರುತ್ತದೆ, ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಒಂದು, ಎರಡು, ಮತ್ತೆ ದಿಢೀರನೆ ಹಾಜರಾಗುತ್ತದೆ. ನಮ್ಮ ಮೂಲ 52 ನಿಮಿಷ 18 ಸೆಕೆಂಡು. ನಿಮ್ಮ ಡಿಸ್ಕನ್ನು ಪ್ಲೇಯರಿಗೆ ಹಾಕಿದರೆ ಒಟ್ಟು 52 ನಿಮಿಷ 34 ಸೆಕೆಂಡು ಎಂದು ತೋರಿಸುತ್ತದೆ. ಒಂಬತ್ತು ಟ್ರ್ಯಾಕಿಗೆ ನಡುವೆ ಎಂಟು ಸಂದು, ಎಂಟು ಎರಡಲಿ ಹದಿನಾರು. ಲೆಕ್ಕ ಚೊಕ್ಕವಾಗಿದೆ, ನೋಡಿ. ಅಂದರೆ ನಿಮ್ಮವರು ಡಿಡಿಪಿಯನ್ನು ಹಾಗೇ ಬಳಸಿಲ್ಲ. ಅದರಿಂದ ಹಾಡುಗಳನ್ನು ಬಿಡಿಬಿಡಿ ಫೈಲಾಗಿ ತೆಗೆದು, ಇಡೀ ಡಿಸ್ಕನ್ನು ಒಂದೇ ಬಾರಿಗೆ ಬರೆಯುವ ಬದಲು ಟ್ರ್ಯಾಕ್ ಟ್ರ್ಯಾಕಾಗಿ ಬರೆದಿದ್ದಾರೆ. ಹಾಗೆ ತೆಗೆಯುವಾಗ ಪ್ಲೇಯರಿನಲ್ಲಿ ಹಾಡಿನ ಹೆಸರು ತೋರಿಸುವ ಸಿಡಿ-ಟೆಕ್ಸ್ಟ್ ಹೋಯಿತು, ಪ್ರತಿ ಧ್ವನಿಮುದ್ರಣವನ್ನು ಗುರುತಿಸುವ ಐಎಸ್‌ಆರ್‌ಸಿ ಸಂಖ್ಯೆಗಳೂ ಹೋದವು. ಡಿಡಿಪಿ ಮಾಡುವುದೇ ಇದೆಲ್ಲ ತಪ್ಪದಿರಲಿ ಎಂದು. ಅದನ್ನು ಒಡೆದು ಬಳಸುವುದಾದರೆ ನಮ್ಮಿಂದ ಯಾಕೆ ಕೇಳಿ ತರಿಸಿಕೊಂಡಿರಿ?

ಮೇಲ್ಮೈ ಮುದ್ರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕ್ರೀನ್ ಪ್ರಿಂಟ್ ಎಂದಿತ್ತು, ಬಂದದ್ದು ಇಂಕ್‌ಜೆಟ್. ಬಿಡುಗಡೆಯ ದಿನ ನಮ್ಮ ಗಾಯಕಿ ಒದ್ದೆ ಕೈಯಲ್ಲಿ ಡಿಸ್ಕ್ ಎತ್ತಿಕೊಂಡರು. ಕೆಳಗಿಡುವಾಗ ಹೆಬ್ಬೆಟ್ಟಿನಲ್ಲಿ ನೀಲಿ, ಡಿಸ್ಕಿನ ಮೇಲೆ ಹೆಬ್ಬೆಟ್ಟು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ದೋಷ ಎಣಿಸಬಲ್ಲ ಡ್ರೈವ್ ಇರುವ ಸ್ನೇಹಿತರೊಬ್ಬರ ಹತ್ತಿರ ಅದೇ ಹತ್ತು ಡಿಸ್ಕುಗಳನ್ನು ಓಡಿಸಿದೆ. ಸಿಡಿ ಎಂದಮೇಲೆ ಸಣ್ಣಪುಟ್ಟ ದೋಷ ಇದ್ದೇ ಇರುತ್ತದೆ, ಪ್ಲೇಯರ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ರೆಡ್ ಬುಕ್ ಎಂಬ ಮೂಲ ಮಾನದಂಡವೇ ಸೆಕೆಂಡಿಗೆ ಸರಾಸರಿ 220 ದೋಷಭರಿತ ಬ್ಲಾಕುಗಳವರೆಗೆ ಬಿಟ್ಟಿದೆ. ಚೆನ್ನಾಗಿ ಮಾಡಿದ ಡಿಸ್ಕಿನಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಹತ್ತರಲ್ಲಿ ಏಳು ತಕ್ಕಮಟ್ಟಿಗಿದ್ದವು. ಮೂರರಲ್ಲಿ ಹೊರಅಂಚಿನ ಕಡೆ, ಅಂದರೆ ಕೊನೆಯ ಎರಡು ಟ್ರ್ಯಾಕಿನಲ್ಲಿ, ಸಿ2 ದೋಷಗಳು, ಅಂದರೆ ತಿದ್ದಲು ಕಷ್ಟವಾದ ದೊಡ್ಡ ದೋಷಗಳು, ಕಂಡವು. ಹೊಸ ಡಿಸ್ಕಿನಲ್ಲಿ ಅವು ಸೊನ್ನೆ ಇರಬೇಕು. ಅದು ಮಿತಿಮೀರಿದರೆ ಪ್ಲೇಯರ್ ಕಾಣೆಯಾದ ಸ್ವರವನ್ನು ಊಹಿಸಿ ತುಂಬುತ್ತದೆ, ಅದೂ ಆಗದಿದ್ದರೆ ಟಕ್ ಎನ್ನುತ್ತದೆ. ಅತಿ ವೇಗದಲ್ಲಿ ಬರೆದದ್ದೋ ಅಗ್ಗದ ಖಾಲಿ ಡಿಸ್ಕೋ, ನೀವೇ ಹೇಳಬೇಕು.

ನಿಮ್ಮ ಸೇಲ್ಸ್‌ನವರು ಕೊನೆಯ ಸಲ ನನಗೆ ಹೇಳಿದ ಮಾತು: "ಕೇಳೋಕೆ ಎರಡೂ ಒಂದೇ ಸರ್." ಕೇಳಲು ಆಗುವವರಿಗೆ ಒಂದೇ. ಮೇಷ್ಟ್ರ ಪ್ಲೇಯರಿಗೆ ಅಲ್ಲ. ಬಿಸಿಲು ಬೀಳುವ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿರುವ ಡಿಸ್ಕಿಗೂ ಅಲ್ಲ. ಅಚ್ಚಿನ ಗುಳಿಗೆ ಬೆಳಕಿನಿಂದ ಏನೂ ಆಗದು, ಬಣ್ಣದ ಪದರ ಮಾಸುತ್ತದೆ. ಒಂದೇ ಆಗಿದ್ದರೆ ಬಿಲ್ಲಿನಲ್ಲೂ ಒಂದೇ ಇರಬೇಕಿತ್ತು.

ಬಿಲ್ ಎಂದದ್ದಕ್ಕೆ ಇನ್ನೊಂದು. 300ಕ್ಕೆ ಹಣ ತೆಗೆದುಕೊಂಡು 287 ಕಳಿಸಿದ್ದೀರಿ. ಕೇಳಿದರೆ, "ಹತ್ತು ಪರ್ಸೆಂಟ್ ಆಚೀಚೆ ಆಗುತ್ತೆ, ಇಂಡಸ್ಟ್ರಿಯಲ್ಲಿ ಎಲ್ಲಾ ಕಡೆ ಹಾಗೇ" ಎಂದರು. ಆ ರೂಢಿ ಇರುವುದು ನಿಜ, ಅದು ಪ್ರೆಸ್ಸಿನವರ ರೂಢಿ. ಯಂತ್ರ ಓಡುತ್ತಲೇ ಇರುತ್ತದೆ, ಶುರುವಿನವು ಹಾಳಾಗುತ್ತವೆ, ಹತ್ತಿಪ್ಪತ್ತು ಹೆಚ್ಚೋ ಕಡಿಮೆಯೋ ಬರುತ್ತದೆ, ಬಂದಷ್ಟಕ್ಕೇ ಬಿಲ್ ಮಾಡುತ್ತಾರೆ. ಒಂದೊಂದಾಗಿ ಬರ್ನ್ ಮಾಡುವವರಿಗೆ ಹದಿಮೂರು ಕಡಿಮೆ ಬಿದ್ದರೆ ಇನ್ನು ಹದಿಮೂರು ಬರ್ನ್ ಮಾಡಲು ಎಷ್ಟು ಹೊತ್ತು ಬೇಕು? ಪ್ರೆಸ್ಸಿನ ಶುಲ್ಕ ಬೇಕು, ಪ್ರೆಸ್ಸಿನ ರಿಯಾಯಿತಿ ಬೇಕು, ಪ್ರೆಸ್ ಮಾತ್ರ ಬೇಡ.

ನನ್ನ ಬೇಡಿಕೆಗಳು ಸ್ಪಷ್ಟವಾಗಿರಲಿ. ನಮ್ಮ ಆರ್ಡರಿಗೆ ಗ್ಲಾಸ್ ಮಾಸ್ಟರ್ ಆಗಿದೆ ಎನ್ನುವುದಾದರೆ ಅದರ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಯಾವ ಘಟಕದಲ್ಲಿ ಆಯಿತು ಎಂಬುದನ್ನೂ ಲಿಖಿತವಾಗಿ ತಿಳಿಸಿ. ಆಗಿಲ್ಲ ಎನ್ನುವುದಾದರೆ, ನಾವು ಕೊಟ್ಟ ಡಿಡಿಪಿಯಿಂದಲೇ 300 ಡಿಸ್ಕ್ ನಿಜವಾಗಿ ಪ್ರೆಸ್ ಮಾಡಿಸಿ, ಸ್ಕ್ರೀನ್ ಪ್ರಿಂಟ್ ಮಾಡಿಸಿ, ನಿಮ್ಮ ಖರ್ಚಿನಲ್ಲಿ ತಲುಪಿಸಿ. ಪೂರ್ತಿ ತೆಗೆಯುವ ಮೊದಲು ಒಂದು ಟೆಸ್ಟ್ ಡಿಸ್ಕ್ ಕಳಿಸಬೇಕು, ಮೇಷ್ಟ್ರ ಪ್ಲೇಯರಿನಲ್ಲಿ ಹಾಡಿದ ಮೇಲೆ ನಾನು ಒಪ್ಪಿಗೆ ಬರೆದು ಕೊಡುತ್ತೇನೆ. ಅದು ನಿಮ್ಮಿಂದ ಆಗದಿದ್ದರೆ ಪೂರ್ತಿ ಹಣ ವಾಪಸು ಕೊಡಿ. ಗ್ಲಾಸ್ ಮಾಸ್ಟರ್ ಶುಲ್ಕ ಮಾತ್ರ ಕಳೆದು ಕೊಡುತ್ತೇವೆ ಎಂಬ ಮಾತು ಬೇಡ, ಅದು ಹೇಗೂ ನಿಮ್ಮದಲ್ಲ.

ಈಗಾಗಲೇ 41 ಡಿಸ್ಕ್ ಜನರ ಕೈಗೆ ಹೋಗಿವೆ, ಅವರಿಗೆಲ್ಲ ನಾವೇ ಫೋನ್ ಮಾಡಿ ಬದಲಿಸಿಕೊಡುವುದಾಗಿ ಹೇಳಿದ್ದೇವೆ. ಪರೀಕ್ಷೆಗೆ ಬಿಚ್ಚಿದ 10 ನನ್ನ ಹತ್ತಿರ ಇವೆ. ಉಳಿದ 236 ಡಬ್ಬಿಯಲ್ಲಿ ಮುಚ್ಚಿಟ್ಟಿವೆ, ನಿಮ್ಮವರು ಬಂದು ಒಯ್ಯಬಹುದು. ಕೊಟೇಶನ್, ಬಿಲ್, "ಫೈಲ್ ಓಕೆ" ಸಂದೇಶ, ಹತ್ತು ಡಿಸ್ಕುಗಳ ಒಳಬಳೆಯ ಚಿತ್ರ ಮತ್ತು ದೋಷ ಪರೀಕ್ಷೆಯ ಗ್ರಾಫುಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ನಿಮ್ಮ ಸ್ಯಾಂಪಲ್ ಡಿಸ್ಕನ್ನು ಮಾತ್ರ ಸದ್ಯಕ್ಕೆ ವಾಪಸು ಕೊಡುವುದಿಲ್ಲ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಇದೇ ಕಾಗದಗಳನ್ನು ಗ್ರಾಹಕರ ದೂರು ವಿಚಾರಿಸುವವರ ಮುಂದೆ ಇಡುತ್ತೇನೆ. ಉತ್ತರ ಬರವಣಿಗೆಯಲ್ಲಿರಲಿ, ಫೋನಿನಲ್ಲಿ ಬೇಡ. ಅದರಲ್ಲಿ "ಕ್ವಾಲಿಟಿ" ಎಂಬ ಪದ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇಂತಿ,
287 ಡಿಸ್ಕ್ ಪಡೆದು 300ಕ್ಕೆ ಹಣ ಕೊಟ್ಟ ನಿಮ್ಮ ಗ್ರಾಹಕ