ಮೊರಾಕೊದ ರಬಾತ್‌ನಿಂದ, ತಂಗಿ ರೇಷ್ಮಾ ನಿಕಾಹ್ ವಿಷಯಕ್ಕೆ

ಅಪ್ಪ, ಅವ್ವ, ಅಸ್ಸಲಾಮು ಅಲೈಕುಂ. ನಾನು ಆರಾಮಿದೀನಿ. ಊಟ, ನಿದ್ದೆ, ರೂಮು ಎಲ್ಲ ಚೆನ್ನಾಗಿದೆ, ಇಲ್ಲಿ ಚಳಿ ನಮ್ಮ ದಾವಣಗೆರೆಗಿಂತ ಜಾಸ್ತಿ ಆದ್ರೂ ಅವ್ವ ಕಟ್ಟಿಕೊಟ್ಟ ರಗ್ಗು ಸಾಕಾಗಿದೆ. ಅಜ್ಜಿ ಮಂಡಿನೋವು ಹೇಗಿದೆ ಅಂತ ಅಣ್ಣನ ಕೈಲಿ ಮೆಸೇಜ್ ಹಾಕಿಸಿ.

ಅಪ್ಪ, ಬಿಲ್ ಬುಕ್ಕಿನ ಹಾಳೆ ಹಿಂದೆ ನೀವು ಬರೆದಿದ್ದನ್ನ ಅಣ್ಣ ಫೋಟೋ ತೆಗೆದು ಕಳಿಸಿದ್ದು ನೋಡಿದೆ. ಅದನ್ನ ನೋಡಿದಾಗಿಂದ ಬೇರೆ ಏನೂ ತಲೆಗೆ ಹತ್ತತಿಲ್ಲ. ಹೊಸಪೇಟೆ ಸಂಬಂಧ, ಹುಡುಗ ಸೌದಿಯ ದಮ್ಮಾಮಲ್ಲಿ ಕೆಲಸ, ಬಕ್ರೀದ್ ಆದ ತಕ್ಷಣ ನಿಕಾಹ್ ಆಗ್ಬೇಕು, ರೇಷ್ಮಾ ಬಿಎಸ್ಸಿ ಎರಡನೇ ವರ್ಷಕ್ಕೇ ನಿಲ್ಲಿಸಬೇಕು. ಓದು ಮುಂದುವರಿಸೋ ಮಾತು ನೀವು ಎತ್ತಿದ್ದಕ್ಕೆ ಹುಡುಗನ ಚಿಕ್ಕಪ್ಪ "ಷರತ್ತು ಗಿರತ್ತು ಎಲ್ಲ ಶರೀಅತ್‌ನಲ್ಲಿ ಇಲ್ಲ, ಅದು ಓದಿದವರ ಮಾತು" ಅಂದ್ರಂತೆ. ಕೆಳಗೆ ನೀವೇ ಬರೆದಿದೀರಿ, ನೀನು ಓದ್ತಿರೋ ವಿಶ್ವಸಂಸ್ಥೆ ಕಾನೂನನ್ನ ನಮ್ಮ ಮನೆಗೆ ತರಬೇಡಮ್ಮ, ನಾವು ಜಮಾತಲ್ಲಿ ಬಾಳ್ಬೇಕು ಅಂತ. ಅದು ಓದಿ ನನಗೆ ಅಳು ಬಂತು ಅಪ್ಪ. ಸಿಟ್ಟಿಗಲ್ಲ, ನೀವು ಒಬ್ಬರೇ ಕೂತು ಎಷ್ಟು ಯೋಚನೆ ಮಾಡಿರ್ತೀರಿ ಅಂತ.

ಹಂಗಾಗಿ ವಿಶ್ವಸಂಸ್ಥೆ ಪಕ್ಕಕ್ಕಿಡಿ, ಈ ದೇಶದ ಕಥೆ ಹೇಳ್ತೀನಿ. ಮೊರಾಕೊದಲ್ಲಿ ರಾಜ ಇದಾನೆ, ಧರ್ಮ ಪಂಡಿತರಾದ ಉಲೇಮಾ ಇದಾರೆ, ಐದು ಹೊತ್ತು ಅಜಾನ್ ಕೇಳುತ್ತೆ, ಶುಕ್ರವಾರ ನಮಾಜ್ ಮುಗಿಸಿ ಮನೆಮನೆಲೂ ಕುಸ್ಕುಸ್ ತಿಂತಾರೆ. ನಮಗಿಂತ ಕಡಿಮೆ ಮುಸಲ್ಮಾನರೇನಲ್ಲ. ಮೊದಲು ಇಲ್ಲಿನ ಕುಟುಂಬ ಕಾನೂನಲ್ಲಿ, ಅದಕ್ಕೆ ಮುದವ್ವನಾ ಅಂತಾರೆ, ಗಂಡ ಸಾಕ್ತಾನೆ ಹೆಂಡತಿ ಹೇಳಿದ್ದು ಕೇಳ್ಬೇಕು ಅಂತ ಇತ್ತು. ಅದನ್ನ ಬದಲಾಯಿಸಿ ಅಂತ 1992ರಲ್ಲಿ ಹೆಂಗಸರು ಹತ್ತು ಲಕ್ಷ ಸಹಿ ಸಂಗ್ರಹಕ್ಕೆ ಹೊರಟ್ರು. 2000ದ ಮಾರ್ಚಲ್ಲಿ ಒಂದೇ ದಿನ ಎರಡು ಮೆರವಣಿಗೆ, ರಬಾತಲ್ಲಿ ಬದಲಾವಣೆ ಬೇಕು ಅನ್ನೋರು, ಕಾಸಾಬ್ಲಾಂಕಾದಲ್ಲಿ ಬೇಡ ಅನ್ನೋರು, ಬೇಡ ಅನ್ನೋರೇ ಜಾಸ್ತಿ ಜನ. ಆಮೇಲೆ ರಾಜ ಮೊಹಮ್ಮದ್ ಒಂದು ಸಮಿತಿ ಮಾಡಿದ, ಉಲೇಮಾ ಜೊತೆ ಹೆಂಗಸರೂ ಅದರಲ್ಲಿದ್ರು. ದೇವರು ಹಲಾಲ್ ಮಾಡಿದ್ದನ್ನ ನಾನು ಹರಾಮ್ ಮಾಡಕ್ಕಾಗಲ್ಲ, ಹರಾಮ್ ಮಾಡಿದ್ದನ್ನ ಹಲಾಲ್ ಮಾಡಕ್ಕಾಗಲ್ಲ ಅಂತ ಮೊದಲೇ ಹೇಳಿ, ಆ ಗೆರೆ ಒಳಗೇ ನಿಂತು 2004ರಲ್ಲಿ ಹೊಸ ಕಾನೂನು ತಂದ್ರು. ಮದುವೆ ವಯಸ್ಸು ಇಬ್ರಿಗೂ 18. ಮನೆ ಜವಾಬ್ದಾರಿ ಇಬ್ರದೂ. ತಲಾಖ್ ಕೋರ್ಟ್ ಮುಂದೆನೇ. ಎರಡನೇ ಮದುವೆಗೆ ಜಡ್ಜ್ ಅನುಮತಿ ಬೇಕು, ಮೊದಲ ಹೆಂಡತಿ ನಿಕಾಹ್‌ನಲ್ಲೇ ಬೇಡ ಅಂತ ಷರತ್ತು ಬರೆಸಿದ್ರೆ ಆ ಅನುಮತಿ ಕೇಳಂಗೇ ಇಲ್ಲ.

ಇನ್ನೊಂದು ವಿಷಯ, ಇದನ್ನ ಆ ಚಿಕ್ಕಪ್ಪನಿಗೆ ಖಂಡಿತ ಹೇಳಿ. ಇಲ್ಲಿಯವರು ಮಾಲಿಕಿ ಮದ್ಹಬ್, ಅಂದ್ರೆ ಶರೀಅತ್ ಕಾನೂನಿನ ಒಂದು ಪಂಥ. ಅದರಲ್ಲಿ ಹೆಣ್ಣಿನ ಪರ ನಿಲ್ಲೋ ವಲಿ, ಅಪ್ಪನೋ ಅಣ್ಣನೋ, ಇಲ್ದೆ ನಿಕಾಹ್ ಇಲ್ಲ. ಈಗ 18 ದಾಟಿದವಳಿಗೆ ವಲಿ ಇರೋದು ಬಿಡೋದು ಅವಳ ಇಷ್ಟ ಅಂತ ಬರೆದಿದಾರಲ್ಲ, ಆ ಅಭಿಪ್ರಾಯ ಇರೋದು ಹನಫಿ ಮದ್ಹಬಲ್ಲಿ. ಅಂದ್ರೆ ನಮ್ಮ ಮದ್ಹಬಲ್ಲಿ ಅಪ್ಪ! ನಮ್ಮ ಮನೆ ಕಪಾಟಲ್ಲಿ ಇರೋದನ್ನ ಇವರು ತೆಗೆದು ಬಳಸ್ತಿದಾರೆ, ನಾವು ಅದಕ್ಕೆ ಬೀಗ ಹಾಕಿ ಕೂತಿದೀವಿ.

ಮತ್ತೆ ಆ ವಿಶ್ವಸಂಸ್ಥೆ ಒಪ್ಪಂದ. ಹೆಂಗಸರ ವಿರುದ್ಧದ ತಾರತಮ್ಯ ತೆಗೆಯೋಕೆ 1979ರಲ್ಲಿ ಆಗಿದ್ದು, ಸೀಡಾ ಅಂತಾರೆ. ಮೊರಾಕೊ ಸೇರಿದ್ದು 1993ರಲ್ಲಿ, ನಮ್ಮ ಭಾರತನೂ ಅದೇ ವರ್ಷ. ಇಬ್ರೂ ಮದುವೆ ವಿಷಯದ 16ನೇ ಕಲಮನ್ನ ಪೂರ್ತಿ ಒಪ್ಪಲ್ಲ ಅಂತ ಅಡ್ಡಗೆರೆ ಹಾಕೇ ಸೇರಿದ್ದು. ಇವರು ಶರೀಅತ್ ಅಂದ್ರು, ನಮ್ಮ ಸರ್ಕಾರ ಯಾವುದೇ ಸಮುದಾಯದ ವೈಯಕ್ತಿಕ ವಿಷಯದಲ್ಲಿ ಅವರೇ ಮುಂದೆ ಬಂದು ಒಪ್ಪದೆ ಕೈ ಹಾಕಲ್ಲ ಅಂತು. ಮೊರಾಕೊ ತನ್ನ ಗೆರೆನ 2011ರಲ್ಲಿ ಅಳಿಸಿತು, ನಮ್ಮದು ಹಂಗೇ ಇದೆ. ಅಪ್ಪ, ಸಮುದಾಯ ಅಂದ್ರೆ ಯಾರು? ಆ ಚಿಕ್ಕಪ್ಪ ಮಾತ್ರನಾ? ನೀವಲ್ವಾ, ಅವ್ವ ಅಲ್ವಾ, ರೇಷ್ಮಾ ಅಲ್ವಾ? ಅವಳನ್ನ ಯಾರಾದ್ರೂ ಕೂರಿಸಿ ಕೇಳಿದ್ರಾ?

ಇಲ್ಲಿ ಎಲ್ಲ ಸರಿಹೋಗಿದೆ ಅಂತ ನಾನು ಹೇಳಲ್ಲ. ಆಸ್ತೀಲಿ ಮಗನಿಗೆ ಎರಡು ಪಾಲು ಮಗಳಿಗೆ ಒಂದು, ಹಂಗೇ ಇದೆ. 18 ಆಗದ ಹುಡುಗಿಗೂ ಜಡ್ಜ್ ಅನುಮತಿ ಕೊಡಬಹುದು ಅಂತ ಒಂದು ಸಂದಿ ಬಿಟ್ಟಿದಾರೆ, ಆ ಸಂದೀಲಿ ಸಾವಿರಾರು ಮಕ್ಕಳ ಮದುವೆ ಆಗಿದೆ. ಅದಕ್ಕೇ ಷರತ್ತನ್ನ ಬರವಣಿಗೇಲೇ ಪಕ್ಕಾ ಮಾಡ್ಬೇಕು ಅಂತ ನನಗೆ ಇಷ್ಟು ಹಟ. ಸಂದಿ ಬಿಡಬಾರದು.

ನಮ್ಮ ಓನರ್ ಅಮ್ಮನ ಮನೇಲಿ ಹಾಲ್ ಸುತ್ತ ಗೋಡೆ ಉದ್ದಕ್ಕೂ ಗಾದಿ ಹಾಸಿದಾರೆ, ಉಣ್ಣೆ ತುಂಬಿದ್ದು, ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹಿಂಜಿ ಮತ್ತೆ ತುಂಬ್ತಾರೆ. ಕೈ ಇಟ್ಟು ಒತ್ತಿ ನೋಡಿ, ಹೊಲಿಗೆ ನಮ್ಮಪ್ಪಂದು ಇದಕ್ಕಿಂತ ನೀಟು ಅಂತ ಅವರ ಮುಂದೆನೇ ಹೇಳಿ ಬಂದೆ. ಆವತ್ತು ಅವರು ಬೀರುವಿಂದ ಮಗಳ ನಿಕಾಹ್ ಪತ್ರ ತೆಗೆದು ತೋರಿಸಿದ್ರು, ಮನೆಪತ್ರದ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದಾರೆ. ಕೊನೇಲಿ ಎರಡು ಸಾಲು. ಇನ್ನೊಂದು ಮದುವೆ ಆಗಂಗಿಲ್ಲ, ಕೆಲಸ ಬಿಡಿಸಂಗಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, ಇದನ್ನ ಬರೆಸೋ ತನಕ ನಮ್ಮ ಯಜಮಾನರು ಚಹಾ ಲೋಟ ಮುಟ್ಟಲಿಲ್ಲ ಅಂದ್ರು. ಅಳಿಯ ಒಳ್ಳೆಯವನೇ, ನಗ್ತಾನೇ ಸೈನ್ ಹಾಕಿದ್ನಂತೆ.

ಆ ಹಟ ನೀವು ಮಾಡಿ ಅಪ್ಪ. ನಿಕಾಹ್ ಅಂದ್ರೆ ಕರಾರು ಅಲ್ವಾ. ಎಲ್ಲಕ್ಕಿಂತ ಮೊದಲು ಪೂರೈಸಬೇಕಾದ್ದು ನಿಕಾಹ್‌ನ ಷರತ್ತು ಅಂತ ಬುಖಾರಿ ಗ್ರಂಥದಲ್ಲೇ ಹದೀಸ್ ಇದೆ, ಪ್ರವಾದಿಯವರ ಮಾತು, ಇಮಾಂ ಸಾಹೇಬ್ರನ್ನೇ ಕೇಳಿ. ಡಿಗ್ರಿ ಮುಗಿಸೋದು, ಹುಡುಗ ಕೊಡೋ ಮಹರ್ ಅವಳ ಅಕೌಂಟಿಗೇ ಹೋಗೋದು, ಎರಡನೇ ಮದುವೆ ಬೇಡ ಅನ್ನೋದು, ಮಾತು ತಪ್ಪಿದ್ರೆ ತಲಾಖ್ ಹಕ್ಕು ಅವಳಿಗೆ ಅನ್ನೋದು. ಕೊನೇದಕ್ಕೆ ತಲಾಖೆ ತಫ್ವೀಜ್ ಅಂತಾರೆ, ಹನಫಿಯವರು ಒಪ್ತಾರೆ, ನಮ್ಮ ದೇಶದ ಕೋರ್ಟುಗಳೂ ಒಪ್ಪಿವೆ. ನಿಕಾಹ್ ಬುಕ್ಕಲ್ಲಿ ಜಾಗ ಇಲ್ಲ ಅಂದ್ರೆ ಬಾಂಡ್ ಪೇಪರಲ್ಲಿ ಬರೆಸಿ ಇಬ್ರು ಸಾಕ್ಷಿ ಸೈನ್ ಹಾಕಿಸಿ. ಹುಡುಗ ಒಳ್ಳೆಯವನಾದ್ರೆ ಅವನಿಗೆ ಇದ್ರಿಂದ ಏನೂ ನಷ್ಟ ಇಲ್ಲ. ಇದಕ್ಕೇ ಸಂಬಂಧ ಮುರೀತು ಅಂದ್ರೆ ಮುರೀಲಿ ಬಿಡಿ ಅಪ್ಪ, ಅವಳಿಗಿನ್ನೂ 19.

ಅವ್ವ, ನೀನು ಗಾಬರಿ ಆಗ್ಬೇಡ, ನಾನು ಸಿಟ್ಟಾಗಿಲ್ಲ, ಚೆನ್ನಾಗಿ ತಿಂತಿದೀನಿ, ಒಬ್ಳೇ ಎಲ್ಲೂ ಕತ್ತಲಾದ ಮೇಲೆ ಓಡಾಡಲ್ಲ, ನಿಜವಾಗ್ಲೂ. ಷರತ್ತಿನ ಒಕ್ಕಣೆ ಕನ್ನಡದಲ್ಲೂ ಉರ್ದುವಲ್ಲೂ ಬರೆದು ಅಣ್ಣನಿಗೆ ಕಳಿಸ್ತೀನಿ. ಶುಕ್ರವಾರ ಫೋನ್ ಮಾಡ್ತೀನಿ, ಅಲ್ಲಿ ತನಕ ಹೊಸಪೇಟೆಯವರಿಗೆ ಹೂಂ ಅನ್ನಬೇಡಿ. ಫೋನ್ ರೇಷ್ಮಾ ಕೈಗೆ ಕೊಡಿ. ಕ್ಲಾಸಿಗೆ ಹೊತ್ತಾಯ್ತು, ಟ್ರಾಮ್ ಬಂತು, ಅಜ್ಜಿಗೆ ಸಲಾಮ್ ಹೇಳಿ.

ನಿಮ್ಮ ದೊಡ್ಡ ಮಗಳು