ತಿದ್ದಿಕೊಳ್ಳಲು ಹೊರಟ ಮಗಳಿಗೆ

ಪುಟ್ಟಿ,

ನಾಳೆ ಸಂಜೆ ತುಮಕೂರು ರಸ್ತೆಯ ಆಲೂರಿನ ವಿಪಶ್ಯನ ಧ್ಯಾನ ಕೇಂದ್ರದಲ್ಲಿ ನಿನ್ನ ಫೋನ್ ಇಸಿದುಕೊಳ್ಳುತ್ತಾರಂತೆ. ಆಮೇಲೆ ಹತ್ತು ದಿನ ಮೌನ, ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಭಾನುವಾರದ ಮಾತೆಲ್ಲ ಇಲ್ಲಿ ಬೇಡ, ಇಬ್ಬರಿಗೂ ನೆನಪಿದೆ. ನಾನು ಅಷ್ಟು ದನಿ ಎತ್ತಬಾರದಿತ್ತು.

ನೀನು ಹೋಗುವುದು ನನಗೆ ಬೇಡವಾಗಿಲ್ಲ. ನಿನ್ನ ವಯಸ್ಸಿನಲ್ಲಿ ತನ್ನೊಳಗೆ ಏನು ಸರಿಯಿಲ್ಲ ಅಂತ ನೋಡಿಕೊಳ್ಳುವವರು ಎಷ್ಟು ಜನ? ಹೆಮ್ಮೆಯೇ ಇದೆ. ಆದರೆ "ನನ್ನನ್ನು ನಾನು ತಿದ್ದಿಕೊಳ್ಳಬೇಕಮ್ಮ" ಅಂದೆಯಲ್ಲ, ಅವತ್ತಿನಿಂದ ನಿನ್ನ ಐದನೇ ಕ್ಲಾಸಿನ ಆ ನೋಟ್‌ಬುಕ್ಕೇ ನನ್ನ ಕಣ್ಣಿಗೆ ಕಟ್ಟುತ್ತಿದೆ.

ಅದರಲ್ಲಿ ನೀನೇ ಗೆರೆ ಎಳೆದು ಮನೆ ಮಾಡಿದ್ದೆ. ಸುಳ್ಳು ಹೇಳಲಿಲ್ಲ, ತಮ್ಮನಿಗೆ ಹೊಡೆಯಲಿಲ್ಲ, ಎದುರುತ್ತರ ಕೊಡಲಿಲ್ಲ. ಪ್ರತಿ ರಾತ್ರಿ ರೈಟು, ರಾಂಗು. ನೋಡಿದವರೆಲ್ಲ ಹೊಗಳಿದರು. ಆಮೇಲೆ ಒಂದು ದಿನ ನಿಮ್ಮ ಟೀಚರ್ ನನ್ನನ್ನು ಕರೆಸಿ, ಹುಡುಗಿ ಡಬ್ಬಿ ಬೇರೆಯವರಿಗೆ ಕೊಟ್ಟು ಉಪವಾಸ ಕೂರುತ್ತಾಳೆ ಅಂದರು. ಯಾಕೆ ಅಂತ ಕೇಳಿದರೆ, "ಹಿಂದಿನ ದಿನ ರಾಂಗು ಬಿದ್ದಿತ್ತು" ಅಂದೆ. ಎಷ್ಟು ಸಲೀಸಾಗಿ ಅಂದೆ! ಅಳಲೂ ಇಲ್ಲ. ಚಿತ್ರಾನ್ನ ಹಾಕಿದ್ದ ದಿನವೂ ಕೊಟ್ಟಿದ್ದೆಯಂತೆ, ಅಷ್ಟು ಇಷ್ಟದ್ದನ್ನ. ನಾನು ಆ ಪುಸ್ತಕ ಎತ್ತಿಟ್ಟೆ. ನೀನು ಇನ್ನೊಂದು ಮಾಡಿಕೊಂಡೆಯಾ? ಇವತ್ತಿಗೂ ಗೊತ್ತಿಲ್ಲ. ಮನಸ್ಸಿನಲ್ಲೇ ಮಾಡಿಕೊಂಡಿದ್ದೀಯ ಅನಿಸುತ್ತದೆ. ಆಫೀಸಿನಲ್ಲಿ ಸಣ್ಣ ತಪ್ಪಾದರೂ ನೀನು ರಾತ್ರಿ ಊಟ ಬಿಡುತ್ತೀಯ ಅಂತ ನಿನ್ನ ರೂಮ್‌ಮೇಟ್ ಹೇಳಿದಳು. ಮತ್ತೆ ಅದೇ ಡಬ್ಬಿ ನೆನಪಾಯಿತು. ಅಷ್ಟು ಚಿಕ್ಕ ಮಗುವಿಗೆ ತನ್ನ ಮೇಲೇ ಅಷ್ಟು ಕೋಪ ಎಲ್ಲಿಂದ ಬಂತು?

ಈ ಧ್ಯಾನವನ್ನು ಇಲ್ಲೆಲ್ಲ ಹರಡಿದ ಗೋಯೆಂಕಾ ಅವರ ಬಗ್ಗೆ ಓದಿದೆ. ಬರ್ಮಾದಲ್ಲಿ ದೊಡ್ಡ ವ್ಯಾಪಾರಿ, ತಡೆಯಲಾರದ ಮೈಗ್ರೇನ್. 1955ರಲ್ಲಿ ಅಲ್ಲಿನ ಧ್ಯಾನದ ಗುರು ಊ ಬಾ ಖಿನ್ ಅವರ ಬಳಿ ಹೋದರೆ, ಬರೀ ತಲೆನೋವಿಗಾಗಿ ಬರುವುದಾದರೆ ಬೇಡ ಅಂದರಂತೆ ಗುರುಗಳು. ನೀನು ಯಾವ ನೋವಿಗೆ ಹೋಗುತ್ತಿದ್ದೀಯ? ಬಾಯಿಗೆ ಬಂದಿತ್ತು, ಕೇಳಲಿಲ್ಲ.

ಅಲ್ಲಿ ಬೆಳಿಗ್ಗೆ 4ಕ್ಕೆ ಗಂಟೆ ಹೊಡೆಯುತ್ತಾರೆ. ಮೊದಲ ಮೂರು ದಿನ ಬರೀ ಉಸಿರು ನೋಡುವುದು. ನಾಲ್ಕನೇ ದಿನದಿಂದ ಒಂದೊಂದು ಗಂಟೆ ಕೈಕಾಲು ಅಲುಗಿಸದೆ ಕೂರುವುದೂ ಇದೆಯಂತೆ. ನನ್ನ ಭಯ ಇದೇ. ಜೋಮು ಹಿಡಿದರೆ ಬೇರೆಯವರು ಕಾಲು ಬಿಡಿಸುತ್ತಾರೆ. ನೀನು ಬಿಡಿಸುವುದಿಲ್ಲ. ಬಿಡಿಸಿದರೂ ರಾಂಗು ಹಾಕಿಕೊಳ್ಳುತ್ತೀಯ. ರಾತ್ರಿ ಊಟ ಇಲ್ಲ, ಸಂಜೆ 5ಕ್ಕೆ ಹೊಸಬರಿಗೆ ಹಣ್ಣು, ಟೀ ಕೊಡುತ್ತಾರೆ. ಅದನ್ನು ಬಿಡಬೇಡ. ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣು.

ಇದೊಂದು ಹೇಳಲೇಬೇಕು. ಒಳ್ಳೆಯವಳಾಗಲು ನಿನ್ನನ್ನು ನೀನೇ ದಂಡಿಸಬೇಕಿಲ್ಲ. ತನ್ನ ತಪ್ಪನ್ನು ಹೀಗೆ ಎಣಿಸುವವರು ಬೇರೆಯವರದ್ದನ್ನೂ ಹಾಗೇ ಎಣಿಸುತ್ತಾರೆ. ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ದಿನವಾಯಿತು ಹೇಳು? ಅವನು ಫೋನ್ ಮಾಡಿದರೆ ಎತ್ತುವುದೂ ಒಳ್ಳೆಯತನವೇ, ಅಲ್ವಾ?

ನಿಮ್ಮಜ್ಜಿಯನ್ನೇ ನೋಡು. ಮನೆಗೆಲಸದವಳಿಗೆ ಜೀವನವಿಡೀ ಹಿತ್ತಲಲ್ಲಿ, ಬೇರೆ ಲೋಟದಲ್ಲಿ ಕಾಫಿ ಕೊಟ್ಟವರು. ಯಾಕೆ ಅಂತ ಕೇಳಿ ನೀನು ಬೈಸಿಕೊಂಡಿದ್ದೆ. ನೀನು ಹಾಸ್ಟೆಲ್ಲಿಗೆ ಹೋದ ಮೇಲೆ, ತಮ್ಮ 78ನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಆ ಲೋಟವನ್ನು ತಾವೇ ಗುಜರಿಗೆ ಹಾಕಿದರು. ಅವಳನ್ನು ಒಳಗೆ ಕರೆದು ನಮ್ಮ ಲೋಟದಲ್ಲೇ ಕಾಫಿ ಕೊಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಸಿಡುಕು ಕೊನೆಯವರೆಗೂ ಹೋಗಲಿಲ್ಲ, ಮಡಿಯೂ ಪೂರ್ತಿ ಹೋಗಲಿಲ್ಲ. ಆದರೂ ನಿನ್ನ ಆ ಪ್ರಶ್ನೆ ಅಷ್ಟು ವರ್ಷ ಅವರೊಳಗೆ ಕೂತಿತ್ತು ಅಂತಲೇ ನನ್ನ ನಂಬಿಕೆ. ನನಗೀಗ 58. ನನಗೂ ಇನ್ನೂ ಹೊತ್ತಿದೆ ಅನ್ನುವ ಧೈರ್ಯ ಬಂದಿದ್ದು ಅವರಿಂದ. ನಿನಗೆ 27. ಎಲ್ಲವನ್ನೂ ಹತ್ತೇ ದಿನದಲ್ಲಿ ಸರಿಮಾಡಿಕೊಂಡು ಬರುತ್ತೇನೆ ಅಂತ ಹೋಗಬೇಡ.

ಹತ್ತನೇ ದಿನ ಮೈತ್ರಿ ಧ್ಯಾನ ಕಲಿಸಿ ಮೌನ ಬಿಡಿಸುತ್ತಾರೆ. ಎಲ್ಲರಿಗೂ ಒಳ್ಳೆಯದಾಗಲಿ ಅಂತ ಹಾರೈಸುವುದು. ಆ ಎಲ್ಲರಲ್ಲಿ ನಿನ್ನನ್ನೂ ಸೇರಿಸಿಕೋ.

ಶಾಲು ಇಟ್ಟುಕೋ, ಬೆಳಗಿನ ಜಾವ ಚಳಿ ಜಾಸ್ತಿ. ಮುಗಿದ ದಿನ ಕರೆತರಲು ಅಪ್ಪ ತಾವೇ ಬರುತ್ತಾರಂತೆ. ಬೇಡ ಅನ್ನಬೇಡ.

ಅಮ್ಮ